ತಾರು ಬಂದ ದಿನದ ಬೆರಳು

ಶೋಕಸಭೆಯಲ್ಲಿ ಅಧ್ಯಕ್ಷರು ತೀರಿಕೊಂಡ ಮಾಸ್ತರ ಬೆರಳಿನ ಮಾತು ತೆಗೆದರು. ಬಲಗೈಯ ತೋರುಬೆರಳು. ಅದರ ಉಗುರು ಕಪ್ಪಾಗಿ, ಮುದುರಿ, ಒಣಗಿದ ಹುಣಸೆಬೀಜದ ಹಾಗೆ ಇತ್ತು. ಕಾಲೇಜಿನಲ್ಲಿ ಅದನ್ನು ನೋಡದವರಿಲ್ಲ. ಕರಿಹಲಗೆಯ ಮೇಲೆ ಬರೆಯುವಾಗ ಮೊದಲ ಸಾಲಿನವರಿಗೆ ಅಕ್ಷರಕ್ಕಿಂತ ಮುಂಚೆ ಅದೇ ಕಾಣುತ್ತಿತ್ತು. ಯುದ್ಧದ ಕಾಲದಲ್ಲಿ ನಮ್ಮ ಸಿಪಾಯಿಗಳ ಬೆರಳು ಉಳಿಸುವುದಕ್ಕಾಗಿ ಅವರು ತಮ್ಮ ಬೆರಳನ್ನು ಬರ್ಫದ ಗಡ್ಡೆಯಲ್ಲಿಟ್ಟು ಸುಟ್ಟುಕೊಂಡರು ಎಂದು ಅಧ್ಯಕ್ಷರು ಮರಾಠಿಯಲ್ಲಿ ಹೇಳಿದರು. ಸಭೆ ಎದ್ದು ನಿಂತಿತು. ನಾನೂ ನಿಂತೆ.

ಆ ಉಗುರು ಹಾಗಾದದ್ದು ಹುಬ್ಬಳ್ಳಿ ಸ್ಟೇಷನ್ನಿನಲ್ಲಿ, ರೈಲು ಡಬ್ಬಿಯ ಬಾಗಿಲಿಗೆ ಸಿಕ್ಕು. ಆಗ ಅವರು ಮೆಟ್ರಿಕ್ಕಿನ ಹುಡುಗ. ಹೀಗೆಂದು ಅವರೇ ನನಗೆ ಹೇಳಿದ್ದರು. ಇನ್ನೊಂದು ಸಲ, ಬಾವಿಯ ಗಡಗಡಿಗೆ ಸಿಕ್ಕಿತು ಎಂದಿದ್ದರು. ಅಂದಮೇಲೆ ಅಧ್ಯಕ್ಷರ ಕತೆಯನ್ನು ತಿದ್ದಲು ನನ್ನ ಕೈಯಲ್ಲಿರುವುದು ಒಂದಕ್ಕೊಂದು ಹೊಂದದ ಎರಡು ಕತೆ. ಅದಕ್ಕೇ ಸಭೆಯಲ್ಲಿ ಬಾಯಿ ಬಿಡಲಿಲ್ಲ. ಮನೆಗೆ ಬಂದ ಮೇಲೆ ಮಾತ್ರ ಕುಳಿತಲ್ಲಿ ಕೂರಲು ಆಗಲಿಲ್ಲ. ಬರೆಯಲು ಶುರುಮಾಡಿದೆ, ಹರಿದೆ, ಮತ್ತೆ ಶುರುಮಾಡಿದೆ. ಇದು ಅವುಗಳಲ್ಲಿ ಹರಿಯದೆ ಉಳಿದದ್ದು.

ಅವರು ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರು. ನಾನು ಅದೇ ಪ್ರಯೋಗಶಾಲೆಯಲ್ಲಿ ಅವರ ಕೈಕೆಳಗಿನ ಡೆಮಾನ್‌ಸ್ಟ್ರೇಟರ್. ಇಬ್ಬರೂ ಧಾರವಾಡದ ಕಡೆಯವರು. ಪುಣೆಯಲ್ಲಿ ನಮ್ಮ ಕಡೆಯವರೆಲ್ಲ ಅವರನ್ನು ‘ಮಾಸ್ತರು’ ಎನ್ನುತ್ತಿದ್ದರು. ಅವರ ಹೆಂಡತಿ ನಮಗೆಲ್ಲ ವೈನಿ, ಅಂದರೆ ಅತ್ತಿಗೆ. ಮಕ್ಕಳಿರಲಿಲ್ಲ. ವೈನಿಯ ತಮ್ಮ ಬಾಳ್ಯಾ, ತಾಯಿ ಇಲ್ಲದ ಹುಡುಗ, ಸದಾಶಿವ ಪೇಠೆಯ ಅವರ ಎರಡು ಕೋಣೆಯ ಮನೆಯಲ್ಲೇ ಬೆಳೆದು ದೊಡ್ಡವನಾಗಿದ್ದ.

ಮಾಸ್ತರಿಗೆ ಒಂದು ವಿಚಿತ್ರ ಅಭ್ಯಾಸ. ಎದುರು ಸಿಕ್ಕವರಿಗೆ ನಮಸ್ಕಾರ ಮಾಡುವ ಬದಲು ಅವರ ಕೈ ಹಿಡಿದು ಬೆರಳ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು. ಆಮೇಲೆ ಎರಡರಲ್ಲಿ ಒಂದು ಮಾತು.

“ನಳ ಬಿಟ್ಟದ.”

ಇಲ್ಲವೇ, “ನಳ ಬಂದ್ ಅದ.”

ಬೆರಳು ಬೆಚ್ಚಗಿದ್ದರೆ ರಕ್ತದ ನಳ ಬಿಟ್ಟಿದೆ, ತಣ್ಣಗಿದ್ದರೆ ಬಂದಾಗಿದೆ ಎಂದರ್ಥ. ಚಳಿಗಾಲದ ಮುಂಜಾನೆ ಕೋಥರೂಡದ ಹೊಲಗಳ ಕಡೆ ತಿರುಗಾಡಲು ಹೋಗಿ, ಹಿಂದಿರುಗುವಾಗ ಲಕಡೀ ಪೂಲಿನ ಸೇತುವೆಯ ಮೇಲೆ ಗುರುತಿನವರು ಕಂಡರೆ ಸಾಕು, ನಿಲ್ಲಿಸಿ ಕೈ ಹಿಡಿಯುತ್ತಿದ್ದರು. ಪ್ರಿನ್ಸಿಪಾಲರ ಕೈಯನ್ನೂ ಬಿಟ್ಟವರಲ್ಲ. ಪರೀಕ್ಷೆಯ ದಿನ ಬಾಗಿಲಲ್ಲಿ ನಿಂತು ಹುಡುಗರ ಬೆರಳು ಮುಟ್ಟಿ, “ಎಲ್ಲಾರದೂ ಬಂದ್ ಅದಲ್ರೋ. ಒಬ್ಬರೂ ಓದಿಲ್ಲೇನು?” ಎಂದು ಕೇಳುವರು. ಆಮೇಲೆ ನನ್ನ ಕಡೆ ತಿರುಗಿ ಗಂಭೀರವಾಗಿ, “ಹೊರಗ ಉರಿಬಿಸಿಲು. ಇವರ ಬೆರಳ ನೋಡಿದ್ರ ಪುಷ್ಯಮಾಸ. ಇದಕ್ಕ ಸಮೀಕರಣ ಎಲ್ಲಿಂದ ತರ್ಲಿ?” ಎನ್ನುವರು.

ಸಮೀಕರಣವೇ ಅವರ ಹುಚ್ಚು. ತಣ್ಣನೆಯ ಗಾಳಿಯಲ್ಲಿ ಮನುಷ್ಯನ ಬೆರಳು ಶಾಖವನ್ನು ಹೇಗೆ ಕಳೆದುಕೊಳ್ಳುತ್ತದೆ, ಎಷ್ಟು ಬೇಗ, ಯಾವ ಭಾಗದಿಂದ ಮೊದಲು. ಪುಣೆಯಂಥ ಊರಿನಲ್ಲಿ ಯಾರಿಗೂ ಬೇಡವಾದ ಪ್ರಶ್ನೆ. ಇದು ಅವರ ತಲೆಗೆ ಹೇಗೆ ಹೊಕ್ಕಿತೋ ನನಗೆ ಗೊತ್ತಿಲ್ಲ. ಕೇಳಿದವರಿಗೆಲ್ಲ ಬೇರೆ ಬೇರೆ ಕಾರಣ ಹೇಳುತ್ತಿದ್ದರು. ನನಗೆ ಹೇಳಿದ್ದು, ಹಲಗೆಯ ಮೇಲೆ ಬರೆಯುವಾಗ ಸೀಮೆಸುಣ್ಣದ ಖಡು ಕೈಜಾರಿ ಬಿದ್ದದ್ದರಿಂದ ಎಂದು. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಮೊದಲು ಹಿತ್ತಾಳೆಯ ಕೊಳವೆ ಮಾಡಿಸಿದರು. ಬೆರಳಿನ ಗಾತ್ರದ್ದು, ಒಳಗೆ ಬೆಚ್ಚನೆಯ ನೀರು. ಅದು ಲೆಕ್ಕ ಹೇಳಿದಂತೆಯೇ ತಣಿಯಿತು. ಮಾಸ್ತರಿಗೆ ಬೇಸರವಾಯಿತು. ಹಿತ್ತಾಳೆ ಬಹಳ ವಿಧೇಯ, ಮಾಂಸದಂಥದ್ದೇನಾದರೂ ಬೇಕು ಎಂದರು. ನೇರ ವೈನಿಯ ಅಡಿಗೆಮನೆಗೆ ಹೋಗಿ ಗಜ್ಜರಿಯ ಬುಟ್ಟಿಗೆ ಕೈ ಹಾಕಿದರು. ಎರಡನೆಯ ವಾರ ಕೈ ಹಾಕಿದಾಗ ನಾನು ಹೊಸ್ತಿಲಲ್ಲಿ ನಿಂತಿದ್ದೆ.

“ಅವು ಪಚಡಿಗೆ ತಂದದ್ರಿ,” ಎಂದರು ವೈನಿ, ತಿರುಗಿ ನೋಡದೆ. “ನಿಮ್ಮ ಕಾಲೇಜಿಗಲ್ಲ.”

“ಒಂದ ಕೊಡು. ಸಣ್ಣದು. ಕಿರುಬೆರಳಿಗೆ ಆಗ್ತದ.”

“ಹೋದವಾರ ತೋರಬೆರಳು, ಇವತ್ತ ಕಿರುಬೆರಳು. ಪೂರಾ ಕೈ ಆಗೂದ್ರಾಗ ನಾವು ಉಪವಾಸ.”

ಗಜ್ಜರಿಗೆ ಸಣ್ಣ ತೂತು ಕೊರೆದು, ಎರಡು ಲೋಹದ ಎಳೆಗಳನ್ನು ಬೆಸೆದ ತಂತಿಯನ್ನು ಒಳಗೆ ತೂರಿಸಿ, ಮೈಯ ಬಿಸಿಗೆ ಕಾಯಿಸಿ, ತಣ್ಣನೆಯ ಪೆಟ್ಟಿಗೆಯೊಳಗೆ ಇಡುತ್ತಿದ್ದರು. ಪೆಟ್ಟಿಗೆ ಎಂದರೆ ಐಸ್‌ಕ್ರೀಮು ತಿರುವುವ ಪಾತ್ರೆಯ ಅಣ್ಣ: ಹೊರಗಿನ ಮರದ ಸಂದೂಕದಲ್ಲಿ ಬರ್ಫ ಮತ್ತು ಉಪ್ಪು, ಒಳಗೆ ತಗಡಿನ ಡಬ್ಬಿ, ಆ ಡಬ್ಬಿಯಲ್ಲಿ ಬರೀ ಗಾಳಿ, ಗಾಳಿಯನ್ನು ಕದಡಲು ಪುಟ್ಟ ಪಂಖ. ತಂತಿಯ ಇನ್ನೊಂದು ತುದಿ ಸಣ್ಣ ವಿದ್ಯುತ್ತನ್ನು ಅಳೆಯುವ ಗ್ಯಾಲ್ವನೋಮೀಟರಿಗೆ. ಅದರ ಕನ್ನಡಿಯಿಂದ ಹೊರಟ ಬೆಳಕಿನ ಚುಕ್ಕೆ ಗೋಡೆಯ ಮೇಲಿನ ಅಳತೆಪಟ್ಟಿಗೆ ಬೀಳುವುದು. ಬೆರಳು ತಣಿದಂತೆ ಚುಕ್ಕೆ ಎಡಕ್ಕೆ ಸರಿಯುವುದು. ಅಷ್ಟೇ ಯಂತ್ರ.

ಗಜ್ಜರಿಯ ಚುಕ್ಕೆ ನೇರ ಎಡಕ್ಕೆ ಹೋಯಿತು, ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲಿನ ಹಾಗೆ. ಆಮೇಲೆ ಮಾಸ್ತರು ತಮ್ಮ ಎಡಗೈ ಇಟ್ಟರು. ಚುಕ್ಕೆ ಎಡಕ್ಕೆ ಹೋಯಿತು, ನಿಂತಿತು, ತುಸು ಬಲಕ್ಕೆ ಬಂತು, ಮತ್ತೆ ಎಡಕ್ಕೆ. ಚಳಿಯಲ್ಲಿ ಬೆರಳು ಮೊದಲು ತನ್ನ ರಕ್ತ ನಿಲ್ಲಿಸಿಬಿಡುತ್ತದೆ. ತೀರ ತಣ್ಣಗಾಗಿ ಕೆಡುವ ಹೊತ್ತಿಗೆ ಗಾಬರಿಬಿದ್ದು ಒಮ್ಮೆ ಬಿಡುತ್ತದೆ, ಮತ್ತೆ ಮುಚ್ಚುತ್ತದೆ. ಬೇರೆ ದೇಶದವರು ಇದನ್ನು ಆಗಲೇ ಕಂಡಿದ್ದರು. ಮಾಸ್ತರು ಅದನ್ನು ಮುಚ್ಚಿಡಲಿಲ್ಲ. ಅವರಿಗೆ ಬೇಕಾದದ್ದು ಗಜ್ಜರಿಗೂ ಬೆರಳಿಗೂ ಇರುವ ಅಂತರ. ಆ ಅಂತರವನ್ನು ಒಂದು ಅಕ್ಷರವಾಗಿ ಸಮೀಕರಣದಲ್ಲಿ ಕೂಡಿಸಬೇಕು.

“ಗಜ್ಜರಿ ಸುಳ್ಳ ಹೇಳಂಗಿಲ್ಲ,” ಎಂದರು ಒಂದು ಸಂಜೆ, ಬರ್ಫದ ನೀರು ಚೆಲ್ಲುತ್ತ. “ಅದಕ್ಕ ಹಿಂದಮುಂದ ಯಾರೂ ಇಲ್ಲ.”

ಈ ಮಾತು ಅವರು ಅಂದೇ ಹೇಳಿದರೋ, ಎಲ್ಲ ಮುಗಿದ ಮೇಲೆ ಹೇಳಿದ್ದನ್ನು ನಾನು ಇಲ್ಲಿಗೆ ತಂದು ಇಟ್ಟೆನೋ, ಖಾತ್ರಿಯಿಲ್ಲ. ಇಲ್ಲಿ ಚೆನ್ನಾಗಿ ಕೂರುತ್ತದೆ. ಚೆನ್ನಾಗಿ ಕೂರುವುದರಿಂದಲೇ ಅನುಮಾನ.

ಯುದ್ಧ ಬಂತು. ಬಾಳ್ಯಾ ಸೈನ್ಯ ಸೇರಿದ, ಸಿಗ್ನಲ್ ಪಡೆ. ಟೆಲಿಫೋನಿನ ತಂತಿ ಎಳೆಯುವುದು, ತುಂಡಾದಲ್ಲಿ ಹೋಗಿ ಕೂಡಿಸುವುದು ಅವನ ಕೆಲಸ. ಇಟಲಿಯ ಗುಡ್ಡಗಳಲ್ಲಿ ಮೊದಲ ಚಳಿಗಾಲ ಕಳೆದ ಮೇಲೆ ಅವನ ಪತ್ರ ಬಂತು. ಅಕ್ಷರಗಳು ದೊಡ್ಡದಾಗಿ, ಎಲ್ಲೆಂದರಲ್ಲಿ ಬಾಗಿ, ಮೊದಲ ಸಲ ಪಾಟಿ ಹಿಡಿದ ಮಗುವಿನವು. ಕೈಗೆ ಹಾಕಲು ದಪ್ಪ ಹಾತಮೋಜೆ ಕೊಟ್ಟಿದ್ದಾರೆ, ಅವನ್ನು ಹಾಕಿಕೊಂಡರೆ ತಂತಿ ಹಿಡಿಯಲು ಬರುವುದಿಲ್ಲ, ತೆಗೆದರೆ ಬೆರಳು ಕಾಣೆಯಾಗುತ್ತದೆ ಎಂದು ತಮಾಷೆಯಾಗಿ ಬರೆದಿದ್ದ. ವೈನಿ ಓದಿಸಿಕೊಂಡು, ಕಾಗದವನ್ನು ಕೈಗೆ ತೆಗೆದುಕೊಂಡು ಬರೀ ಅಕ್ಷರ ನೋಡಿದರು.

“ಕೈ ಸೆಟದಾವ ಅವಂದು,” ಎಂದರು.

ಇದಾದ ಮೇಲೆಯೇ ಕ್ಯಾಪ್ಟನ್ ಬಂದದ್ದು. ಸೈನ್ಯದ ಒಬ್ಬ ಬಿಳಿಯ ಡಾಕ್ಟರು, ಸಿಪಾಯಿಗಳ ಉಡುಪಿನ ಖಾತೆಗೆ ಸೇರಿದವನು. ಇಡೀ ಪ್ರಾಂತದಲ್ಲಿ ಬೆರಳಿನ ಚಳಿಯ ಬಗ್ಗೆ ಪುಟ್ಟ ಲೇಖನವೊಂದನ್ನಾದರೂ ಅಚ್ಚು ಮಾಡಿಸಿದ ಮನುಷ್ಯ ಪುಣೆಯಲ್ಲಿದ್ದಾನೆಂದು ಯಾರೋ ಹೇಳಿದ್ದರಂತೆ; ಆತನಿಗೇ ನಂಬಿಕೆಯಾಗದೆ ನೋಡಲು ಬಂದಿದ್ದ. ಪೆಟ್ಟಿಗೆಯೊಳಗೆ ಇಣುಕಿ ನೋಡಿ, ಮೂಲೆಯಲ್ಲಿದ್ದ ಗಜ್ಜರಿಗಳನ್ನು ನೋಡಿ, ಟೊಪ್ಪಿಗೆ ತೆಗೆದು ಕುಳಿತ.

ಹೊಸ ನಮೂನೆಯ ಕೈಗವಸು ತಯಾರಾಗುತ್ತಿತ್ತು. ಹೆಬ್ಬೆರಳು, ತೋರುಬೆರಳುಗಳ ತುದಿಯನ್ನು ಬೇಕಾದಾಗ ಹಿಂದಕ್ಕೆ ಮಡಚಿ ಕೆಲಸ ಮಾಡಬಹುದು, ಮುಗಿದೊಡನೆ ಮುಚ್ಚಬಹುದು. ಆದರೆ ಎಷ್ಟು ಹೊತ್ತು ಬಿಚ್ಚಿರಬಹುದು? ಅದು ಗೊತ್ತಾಗಬೇಕು. ಇಂಥ ಚಳಿಗೆ, ಇಂಥ ಗಾಳಿಗೆ, ಬರಿಬೆರಳಿಗೆ ಇಷ್ಟು ನಿಮಿಷ ಎಂದು ಒಂದು ಕೋಷ್ಟಕ, ಒಂದು ತಖ್ತೆ ಬೇಕು. ಅಳೆದವರ ಸಹಿ ಬಿದ್ದ ಮೇಲೆ ಕೈಗವಸು ಹೊಲಿಗೆಗೆ ಹೋಗುತ್ತದೆ, ಆ ನಿಮಿಷ ಚೀಟಿಯಲ್ಲಿ ಅಚ್ಚಾಗಿ ಜೊತೆಗೆ ಹೋಗುತ್ತದೆ. ಸಹಿ ತಡವಾದರೆ ಮುಂದಿನ ಚಳಿಗಾಲ ತಪ್ಪುತ್ತದೆ. ಮಾಸ್ತರು ತಲೆಯಾಡಿಸಿದರು. ಬಾಳ್ಯಾನ ಹೆಸರು ಎತ್ತಲಿಲ್ಲ.

ಕೆಲವು ವಿದ್ಯಾರ್ಥಿಗಳಿಗೆ ಇದು ಸರಿಬರಲಿಲ್ಲ. ಅವರ ಗೆಳೆಯರು ಯೆರವಡೆಯ ಜೈಲಿನಲ್ಲಿದ್ದರು. ಒಂದು ಮುಂಜಾನೆ ಪ್ರಯೋಗಶಾಲೆಯ ಬಾಗಿಲ ಮೇಲೆ ಖಡುವಿನಲ್ಲಿ ‘ಇಂಗ್ರಜರ ಹಾತಮೋಜೆಯ ಅಂಗಡಿ’ ಎಂದು ಮರಾಠಿಯಲ್ಲಿ ಬರೆದಿತ್ತು. ಕಾಲೇಜಿನ ಜವಾನ ಒರೆಸಲು ಹೋದ. ಮಾಸ್ತರು ತಡೆದು, ಕೆಳಗೆ ತಾವೂ ಖಡುವಿನಲ್ಲಿ ‘ಬೆರಳು ನಮ್ಮವು’ ಎಂದು ಮರಾಠಿಯಲ್ಲೇ ಬರೆದು ಒಳಗೆ ಬಂದರು. ಎರಡೂ ಸಾಲು ಮಳೆಗಾಲದವರೆಗೆ ಹಾಗೆಯೇ ಇದ್ದವು.

ತಖ್ತೆಗೆ ಬಹಳ ಕೈಗಳು ಬೇಕಾದವು. ಊರಿನ ಕಡೆಯ ವಿದ್ಯಾರ್ಥಿಗಳು, ಗುಮಾಸ್ತರು ಉಣ್ಣುತ್ತಿದ್ದ ಖಾನಾವಳಿಯಿಂದ ಮಾಸ್ತರು ಹುಡುಗರನ್ನು ಕರೆತಂದರು. ತಂತಿಯನ್ನು ಬೆರಳಿಗೆ ಅಂಟಿಸಲು ಮೇಣಕ್ಕೆ ದನದ ಚರ್ಬಿ ಬೆರೆಸಿದ ಲೇಪ. ಬರೀ ಮೇಣ ಚಳಿಗೆ ಸಿಡಿಯುತ್ತಿತ್ತು. ಈ ಸುದ್ದಿ ಖಾನಾವಳಿ ಮುಟ್ಟಿತು. ಅಡಿಗೆಯ ಆಚಾರ್ಯರು ಸೌಟು ಹಿಡಿದುಕೊಂಡೇ ಪಂಕ್ತಿಯ ನಡುವೆ ನಿಂತರು.

“ಚರ್ಬಿ ಹತ್ತಿದ ಕೈಲೆ ನನ್ನ ಅನ್ನಾ ಮುಟ್ಟೂದು ಬ್ಯಾಡ. ತಿಳೀತಿಲ್ಲೋ?”

“ಹಂಗಾರ ಎಡಗೈ ನಡೀತದೇನ್ರಿ ಆಚಾರ್ರ?” ಎಂದ ಒಬ್ಬ.

“ಎಡಗೈಲೆ ಏನರೆ ಮಾಡ್ಕೋರಿ. ಅದಕ್ಕ ನನಗ ಏನ ಸಂಬಂಧ?”

ಹೀಗೆ ರಾಜಿಯಾಯಿತು. ಎಲ್ಲರೂ ಸಂತೋಷವಾಗಿ ಎಡಗೈ ಕೊಟ್ಟರು. ದಪ್ಪ ಬೆರಳು, ತೆಳು ಬೆರಳು, ಬೀಡಿ ಸೇದುವವನದು, ಬಾಜಾಪೇಟಿ ಬಾರಿಸುವವನದು. ಚುಕ್ಕೆ ಗೋಡೆಯ ಮೇಲೆ ಓಡಾಡಿತು, ನಾನು ಬರೆದುಕೊಂಡೆ, ಮಾಸ್ತರು ಲೆಕ್ಕ ಹಾಕಿದರು. ತಖ್ತೆ ತುಂಬಿತು. ಸರಾಸರಿ ತೆಗೆದದ್ದೂ ಆಯಿತು. ಕ್ಯಾಪ್ಟನ್ ಬಂದು ಸಾಲುಸಾಲಾಗಿ ನೋಡಿದ. ಬಹಳ ಚೆನ್ನಾಗಿದೆ ಎಂದ. ಆಮೇಲೆ ಕೇಳಿದ: ಬಲಗೈ ಎಲ್ಲಿದೆ?

ತಖ್ತೆಯಲ್ಲಿ ಒಂದೇ ಒಂದು ಬಲಗೈ ಇರಲಿಲ್ಲ. ಅದು ಇಲ್ಲ ಎಂಬುದು ನಮಗೆ ಯಾರಿಗೂ ಹೊಳೆದೂ ಇರಲಿಲ್ಲ. ಬಂದೂಕಿನ ಕುದುರೆ ಎಳೆಯುವ, ತಂತಿ ಹೊಸೆಯುವ ಕೈ ಬಿಟ್ಟು, ಊಟಕ್ಕೆ ಬೇಡದ ಕೈಯನ್ನು ತಿಂಗಳುಗಟ್ಟಲೆ ಅಳೆದಿದ್ದೆವು. ಮಾಸ್ತರು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ನೋಡ್ರಿ,” ಎಂದರು ನನಗೆ, “ಇಷ್ಟ ಮಂದಿ ಶಾಣ್ಯಾರು ಕೂಡಿ ಒಂದ ಕೈ ಮರತ್ವಿ.”

ಎರಡೂ ಕೈ ಒಂದೇ ರೀತಿ ಇರಬಹುದು, ಹಾಗೇ ಸಹಿ ಮಾಡಿ ಎಂದ ಕ್ಯಾಪ್ಟನ್. ಇರಬಹುದು, ಆದರೆ ನೋಡಬೇಕು ಎಂದರು ಮಾಸ್ತರು. ಮಳೆಗಾಲ ಮುಗಿಯುತ್ತ ಬಂದಿತ್ತು. ಹುಡುಗರು ರಜೆಗೆ ಹೋಗಿದ್ದರು. ಉಳಿದದ್ದು ಅವರದೇ ಬಲಗೈ. ವೈನಿಯ ತೌರು ಬಹಳ ಮಡಿಯ ಮನೆ; ಚರ್ಬಿಯ ಕೈಗೆ ಅವರೇನೆನ್ನುತ್ತಾರೋ ಎಂದು ನಾನು ಅಂಜಿದ್ದೆ. ಅವರು ಹಿತ್ತಲ ಬಾಗಿಲಲ್ಲಿ ಹುಣಸೆಹಣ್ಣು, ಬೂದಿ ಇಟ್ಟು, “ತಿಕ್ಕಿ ತೊಳಕೊಂಡ ಬರ್ರಿ,” ಎಂದಷ್ಟೇ ಅಂದರು.

ಆ ದಿನಕ್ಕೆ ಬರುತ್ತೇನೆ. ಇಲ್ಲಿ ನನ್ನ ಲೇಖಣಿ ಪ್ರತಿ ಸಲವೂ ಕೈಕೊಟ್ಟಿದೆ.

ಮಧ್ಯಾಹ್ನ. ಮಾಸ್ತರ ಬಲಗೈ ಪೆಟ್ಟಿಗೆಯಲ್ಲಿ, ತಂತಿ ಮಧ್ಯದ ಬೆರಳಿಗೆ. ನಾನು ಅಳತೆಪಟ್ಟಿಯ ಹತ್ತಿರ. ರಸಾಯನಶಾಸ್ತ್ರದ ಕುಲಕರ್ಣಿ ಹರಟೆಗೆ ಬಂದು ಕಿಟಕಿಯಲ್ಲಿ ಕುಳಿತಿದ್ದರು. ಚುಕ್ಕೆ ಎಡಕ್ಕೆ ಹೋಗಿ, ನಿಂತು, ಹಿಂದೆ ಬರುವ ಲಕ್ಷಣ ತೋರಿಸುತ್ತಿತ್ತು. ಎಡಗೈಯ ಹಾಗೆಯೇ ಇದೆ, ಚಿಂತೆಯಿಲ್ಲ ಎಂದುಕೊಂಡೆವು. ಬಾಗಿಲು ತೆರೆಯಿತು. ಟೆಲಿಗ್ರಾಂ ತರುವ ತಾರಿನವನು.

“ತಾರ ಆಹೇ.”

ಆ ವರ್ಷಗಳಲ್ಲಿ ಈ ಎರಡು ಶಬ್ದಗಳನ್ನು ಕೇಳಿದವರಿಗೆ ಹೇಳಬೇಕಾಗಿಲ್ಲ. ಮನೆಯಿಂದ ಯಾರಾದರೂ ಯುದ್ಧಕ್ಕೆ ಹೋಗಿದ್ದರೆ ತಾರು ಎಂದರೆ ಒಂದೇ ಅರ್ಥ. ಮಾಸ್ತರ ಮುಖ ನೋಡಿದೆ, ಆಮೇಲೆ ಗೋಡೆ ನೋಡಿದೆ. ಅಥವಾ ಮೊದಲು ಗೋಡೆ. ಚುಕ್ಕೆ ಎಡಕ್ಕೆ ಬೀಳುತ್ತಿತ್ತು. ನಿಲ್ಲಲಿಲ್ಲ, ಹಿಂದೆ ಬರಲಿಲ್ಲ, ಯಾವ ಹುಡುಗನ ಬೆರಳೂ ಮುಟ್ಟದ ಗೆರೆ ದಾಟಿ ಪಟ್ಟಿಯ ಅಂಚಿಗೆ ಹೋಯಿತು. ಗಜ್ಜರಿಯ ಹಾಗೆ.

“ಯಾರಿಗೆ?” ಎಂದರು ಮಾಸ್ತರು.

ತಾರು ಕುಲಕರ್ಣಿಯವರಿಗೆ. ತಂಗಿ ಹೆತ್ತಿದ್ದಳು, ತಾಯಿ ಮಗು ಇಬ್ಬರೂ ಕ್ಷೇಮ. ನಾವು ನಕ್ಕೆವು, ತಾರಿನವನಿಗೆ ಚಹಾ ಹೇಳಿದೆವು. ಚುಕ್ಕೆ ಮಾತ್ರ ಬಹಳ ಹೊತ್ತು ಅಂಚಿನಲ್ಲೇ ಉಳಿಯಿತು. ಬೆರಳಿಗೆ ಪೇಢೆ ಹಂಚುವ ಸುದ್ದಿ ಮುಟ್ಟಲೇ ಇಲ್ಲ.

ಇದು ನಾನು ಕಂಡದ್ದು. ಕುಲಕರ್ಣಿ ಇದನ್ನು ಇಂದಿಗೂ ಒಪ್ಪುವುದಿಲ್ಲ.

“ಬಾಗಲಾ ತಗದಾಗ ಗಾಳಿ ಬಂತು, ಅಷ್ಟ,” ಎನ್ನುತ್ತಾರೆ. “ಇಲ್ಲಾ ಅವರ ಕೈ ಅಲುಗಿ ಡಬ್ಬಿಗೆ ಹತ್ತಿರಬೇಕು. ನೀವು ಕವಿಗಳ ಹಂಗ ಮಾತಾಡಬ್ಯಾಡ್ರಿ.”

ಇರಬಹುದು. ಬಾಗಿಲು ತೆರೆದಾಗ ಗಾಳಿ ಬಂತೇ ಎಂದು ನೆನಪಿಸಿಕೊಳ್ಳಲು ಹೋದರೆ ಈಗ ಗಾಳಿ ಬಂದಂತೆಯೇ ನೆನಪಾಗುತ್ತದೆ.

ಮಾಸ್ತರಿಗೂ ಅನುಮಾನ. ಮರುದಿನ ನನ್ನನ್ನು ಹೊರಗೆ ಕಳಿಸಿ, ತಾವು ಕೈ ಇಟ್ಟುಕೊಂಡು, ಯಾವಾಗಲಾದರೂ ಬಾಗಿಲು ತೆಗೆದು ‘ತಾರ ಆಹೇ’ ಎನ್ನಬೇಕು ಎಂದರು. ನಾನು ಅಂಗಳದಲ್ಲಿ ಅಡ್ಡಾಡಿ, ಅವರು ಮರೆತಿರಬೇಕು ಎನ್ನಿಸಿದಾಗ ಬಾಗಿಲು ತಳ್ಳಿ ಕೂಗಿದೆ. ಗಾಳಿಯೂ ಸಾಕಷ್ಟು ಬಂತು. ಚುಕ್ಕೆ ಜಪ್ಪಯ್ಯ ಎನ್ನಲಿಲ್ಲ.

“ನಿಮ್ಮ ದನಿ ಭಾಳ ಚಲೋ ಅದರಿ,” ಎಂದರು ಮಾಸ್ತರು, ಬೇಸರದಿಂದ. “ತಾರಿನವನ ದನಿ ಅಲ್ಲ ಅದು.”

ಅಲ್ಲಿಂದ ಅವರು ಕುಂತಲ್ಲಿ ನಿಂತಲ್ಲಿ ಇರಲಿಲ್ಲ. ಹಲಗೆಯ ಮೇಲೆ ಸಮೀಕರಣ ಬರೆಯುವುದು, ರಕ್ತಕ್ಕೆ ಇಟ್ಟ ಅಕ್ಷರವನ್ನು ಒರೆಸುವುದು, ಬೇರೆ ಅಕ್ಷರ ಬರೆಯುವುದು. ಚಳಿ ಬರೆಯಬಹುದು, ಗಾಳಿ ಬರೆಯಬಹುದು, ಬೆರಳಿನ ದಪ್ಪ ಬರೆಯಬಹುದು; ಹೆದರಿಕೆಗೆ ಯಾವ ಅಕ್ಷರ? ಹುಡುಗರೆಲ್ಲ ನಗುನಗುತ್ತ, ಹೊಟ್ಟೆತುಂಬ ಉಂಡು, ಹೊರಗೆ ಬಿಸಿಲಿರುವ ಊರಿನಲ್ಲಿ ಕೈ ಇಟ್ಟವರು. ಅವರ ಸರಾಸರಿಯನ್ನು ಚೀಟಿಯಲ್ಲಿ ಅಚ್ಚು ಹಾಕಿ ಗುಂಡು ಹಾರುವ ಗುಡ್ಡಕ್ಕೆ ಕಳಿಸಿದರೆ, ಅದನ್ನು ನಂಬಿ ಒಬ್ಬ ಬೆರಳು ಬಿಚ್ಚಿಕೊಂಡು ಕೂರುತ್ತಾನೆ. ಕ್ಯಾಪ್ಟನ್ ಎರಡು ಸಲ ಮನುಷ್ಯನನ್ನು ಕಳಿಸಿದ. ಸಹಿ ಆಗಲಿಲ್ಲ.

ಒಂದು ಮುಂಜಾನೆ ನಾನು ಅವರ ಮನೆಯಲ್ಲಿದ್ದೆ. ವೈನಿ ಚಹಾ ತಂದಿಟ್ಟವರು ಒಳಗೆ ಹೋಗಲಿಲ್ಲ. ನನ್ನೆದುರು ಅವರು ಗಂಡನಿಗೆ ಚೇಷ್ಟೆಯಲ್ಲದ ಎದುರುಮಾತು ಆಡಿದ್ದು ಅದೊಂದೇ ಸಲ.

“ನಿಮ್ಮ ಸಹಿ ಆಗೂತನಕ ಬಾಳ್ಯಾ ಕೈಗೆ ಏನ ಹಾಕೋಬೇಕ್ರಿ?”

“ತಪ್ಪ ಲೆಕ್ಕ ಹೋದ್ರ ಅವನ ಬೆರಳ ಹೋಗ್ತಾವ. ನಾನ ಕಳಿಸಿಧಂಗ ಆಗ್ತದ.”

“ತಪ್ಪ ಲೆಕ್ಕಾದಾಗ ಒಂದ ಹಾತಮೋಜಾನರೆ ಇರತದ. ಬರೋಬ್ಬರಿ ಲೆಕ್ಕಾ ನಿಮ್ಮ ಹಲಗಿ ಮ್ಯಾಲ ಕೂತದ. ಅದನ್ನ ಹಾಕೋಳಿಕ್ಕ ಬರತದೇನು?” ಆಮೇಲೆ ನನ್ನ ಕಡೆ ತಿರುಗಿ, “ನೀವರೆ ಹೇಳ್ರಿ. ಇವರ ಬೆರಳ ಮನ್ಯಾಗ ಬೆಚ್ಚಗ ಅವ.”

ಮಾಸ್ತರು ಬಹಳ ಹೊತ್ತು ತಮ್ಮ ಕೈ ನೋಡಿಕೊಂಡರು. ಎಡಗೈಯಿಂದ ಬಲಗೈಯ ತುದಿಗಳನ್ನು ಒಂದೊಂದಾಗಿ ಮುಟ್ಟಿದರು. ಚಹಾ ಕೆನೆಗಟ್ಟಿತು.

ಮರುದಿನ ಕ್ಯಾಪ್ಟನ್ ಬಂದಾಗ ಅವರು ತಖ್ತೆಯಲ್ಲಿ ಸರಾಸರಿಯ ಸಾಲನ್ನು ಹೊಡೆದುಹಾಕಿದರು. ಅದರ ಜಾಗದಲ್ಲಿ ಬಲಗೈಯ ಆ ಒಂದೇ ರೀಡಿಂಗು ಬರೆದರು, ತಾರು ಬಂದ ಮಧ್ಯಾಹ್ನದ್ದು. ಉಳಿದೆಲ್ಲ ಚಳಿಗಳಿಗೂ ಅದೇ ಅಳತೆಯಲ್ಲಿ ನಿಮಿಷ ಇಳಿಸಿದರು. ಒಂದೇ ಕೈ, ಒಂದೇ ಸಲ, ಅದೂ ಜೊತೆಗಾರನೇ ಒಪ್ಪದ ಅಳತೆ. ವಿಜ್ಞಾನದಲ್ಲಿ ಇದಕ್ಕಿಂತ ಕೆಟ್ಟ ಕೆಲಸವಿಲ್ಲ. ನಮ್ಮ ವಿದ್ಯಾರ್ಥಿ ಯಾರಾದರೂ ಹೀಗೆ ಮಾಡಿದ್ದರೆ ಮಾಸ್ತರು ಅವನ ಜರ್ನಲ್ ಎಸೆದುಬಿಡುತ್ತಿದ್ದರು. ಕುಲಕರ್ಣಿ ಎದ್ದು ಹೊರಗೆ ಹೋದರು. ಕ್ಯಾಪ್ಟನ್ ಕೇಳಿದ, ಇಷ್ಟು ಕೈಗಳಿರುವಾಗ ಇದೊಂದೇ ಏಕೆ?

ಅವನಿಗೆ ಇಂಗ್ಲಿಷಿನಲ್ಲಿ ಏನು ಹೇಳಿದರೋ ನನಗೆ ನೆನಪಿಲ್ಲ. ಆಮೇಲೆ ಮೆಟ್ಟಿಲ ಮೇಲೆ ನನಗೆ ಹೇಳಿದ್ದು ನೆನಪಿದೆ.

“ಅಲ್ಲಿ ಇರೋರಿಗೆ ದಿನಾ ತಾರ ಬಂಧಂಗರಿ. ಅವರ ಬೆರಳಿಗೆ ನಮ್ಮ ಹುಡುಗೂರ ನಗೂ ಹಚ್ಚಿ ಏನ ಮಾಡ್ಲಿ?”

ಸಹಿ ಮಾಡಿದ ಕೈ ಮುಟ್ಟಲು ಹೋದೆ, ಅವರ ಹಾಗೆಯೇ. ಹಿಂದಕ್ಕೆ ಎಳೆದುಕೊಂಡರು.

ಇಲ್ಲಿಗೆ ನಿಲ್ಲಿಸಿದರೆ ಇದೂ ಒಂದು ಶೋಕಸಭೆಯ ಕತೆಯಾಗುತ್ತದೆ: ತನ್ನ ಹೆದರಿಕೆಯನ್ನು ಸಿಪಾಯಿಗಳಿಗೆ ಕೊಟ್ಟು ಅವರ ಬೆರಳು ಉಳಿಸಿದ ಮಾಸ್ತರು. ಹಾಗಾಗಲಿಲ್ಲ. ಯುದ್ಧ ಮುಗಿದು, ಹಡಗಿಗೆ ಕಾದು ಕಾದು, ಬಾಳ್ಯಾ ಮನೆಗೆ ಬಂದ. ಕಪ್ಪಗಾಗಿದ್ದ, ದಪ್ಪಗೂ ಆಗಿದ್ದ. ವೈನಿ ಹೋಳಿಗೆ ಮಾಡಿ ನನ್ನನ್ನೂ ಕರೆದಿದ್ದರು. ಒಳಗಿನ ಕೋಣೆಯಲ್ಲಿ ಮೂವರಿಗೆ ಎಲೆ ಹಾಕಿತ್ತು; ಮಾಸ್ತರ ಎಡಕ್ಕೆ ಬಾಳ್ಯಾ, ಎದುರಿಗೆ ನಾನು. ವೈನಿ ಬಡಿಸುತ್ತಿದ್ದರು. ಮಾಸ್ತರು ಅನ್ನ ಕಲಸುತ್ತ, ಏನೂ ಅಲ್ಲವೆಂಬಂತೆ ಕೇಳಿದರು.

“ಮಡಚೂ ಹಾತಮೋಜಾ ಬಂದಿದ್ದವೇನಪಾ?”

“ಬಂದಿದ್ವು ಭಾವಾ. ಬರ್ಫ ಕರಗಿದ ಮ್ಯಾಲ ಬಂದ್ವು. ನಾವು ಅವನ್ನ ಬಿಸಿ ಡಬ್ಬಿ ಇಳಸ್ಲಿಕ್ಕೆ ಇಟಗೊಂಡಿದ್ವಿ. ಭಾಳ ಚಲೋ ಇದ್ವು.”

“ಚೀಟಿ?”

“ಯಾವ ಚೀಟಿ? ಒಣಗಿಸಿ ಇಡ್ರಿ ಅಂತ ಒಂದ ಸಾಲ ಇತ್ತು. ಅಷ್ಟ.”

ಮಾಸ್ತರು ತಲೆಯಾಡಿಸಿದರು. ಚೀಟಿಯಲ್ಲಿ ಅಚ್ಚಾಗಬೇಕಿದ್ದ ನಿಮಿಷ ಎಷ್ಟೆಂದು ಅವರೇ ಬಾಯಿಬಿಟ್ಟು ಹೇಳಿದರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ನಂಬುತ್ತಾರೆ. ಬಾಳ್ಯಾ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದವನು ನಕ್ಕುಬಿಟ್ಟ.

“ಅಷ್ಟ ಹೊತ್ತೇನು ಭಾವಾ? ಅದರ ಅರ್ಧಾನೂ ತಡೀತಿದ್ದಿಲ್ಲ. ಬಗಲಾಗ ಇಟಗೊಂಡು, ಬಾಯಾಗ ಇಟಗೊಂಡು ಒಂದ ಗಂಟ ಹಾಕತಿದ್ವಿ. ಎಷ್ಟೋ ಮಂದಿ ಬೆರಳ ಹೋದ್ವು. ನನ್ನ ದೈವ ಚಲೋ.”

ವೈನಿಯ ಕೈಯಲ್ಲಿದ್ದ ತುಪ್ಪದ ಗಿಂಡಿ ನಿಂತಿತು. ಮಾಸ್ತರು ಬಾಳ್ಯಾನನ್ನು ನೋಡಲಿಲ್ಲ. ಎಲೆ ನೋಡುತ್ತ ಹೇಳಿದರು.

“ಹಂಗಾದ್ರ ನಾ ಸಾಕಷ್ಟು ಹೆದರಿದ್ದಿಲ್ಲ.”

ಹೀಗೆ ಅವರು ಹೇಳಿದರು ಎಂದು ನನ್ನ ನೆನಪು. ಶೋಕಸಭೆಯಾದ ಮರುದಿನ ಹೋಗಿ ಕೇಳಿದಾಗ ಬಾಳ್ಯಾ ಇಲ್ಲವೆಂದ: ಭಾವ ಏನೂ ಅನ್ನಲಿಲ್ಲ, ಸುಮ್ಮನೆ ಉಂಡರು. ವೈನಿಯನ್ನು ಕೇಳಿದರೆ, ಅತ್ತರು ಎಂದರು. ಮಜ್ಜಿಗೆಯ ಹೊತ್ತಿಗೆ ಅತ್ತರು. ನಾನು ಎದುರಿಗೇ ಕುಳಿತಿದ್ದೆ, ಕಣ್ಣೀರು ಕಂಡಿಲ್ಲ. ಮೂವರು, ಒಂದು ಊಟ, ಇನ್ನೂ ವರ್ಷವೂ ತುಂಬಿಲ್ಲ.

ಒಂದರಲ್ಲಿ ಮಾತ್ರ ಮೂವರ ಮಾತೂ ಒಂದೇ. ಮಾಸ್ತರು ಎಡಗೈ ಚಾಚಿ ಬಾಳ್ಯಾನ ಬೆರಳುಗಳನ್ನು ಹಿಡಿದುಕೊಂಡರು. ಉಣ್ಣುವ ಎಲೆಯ ಮುಂದೆ, ಮಡಿಯ ಪಂಕ್ತಿಯಲ್ಲಿ, ಒಬ್ಬರನ್ನೊಬ್ಬರು ಮುಟ್ಟಬಾರದ ಹೊತ್ತಿನಲ್ಲಿ. ಒಂದೊಂದು ತುದಿಯನ್ನೂ ಮುಟ್ಟಿ ನೋಡಿದರು. ನಳದ ಮಾತು ಹೇಳಲಿಲ್ಲ. ವೈನಿ ಕಂಡರು, ಅನ್ನ ಬಡಿಸಿದರು. ಆಮೇಲೆ ಸಾರು, ಆಮೇಲೆ ಮಜ್ಜಿಗೆ. ಮಾಸ್ತರು ಬಲಗೈಯಿಂದ ಉಂಡರು, ಎಡಗೈಯ ಹಿಡಿತ ಬಿಡಲಿಲ್ಲ. ಬಾಳ್ಯಾನೂ ಬಿಡಿಸಿಕೊಳ್ಳಲಿಲ್ಲ.